ರಕ್ತ ತಪಾಸಣೆಗೆ ಎಷ್ಟು ಕೊಡಬೇಕು? ಹುಬ್ಬಳ್ಳಿ-ಧಾರವಾಡದ ಲ್ಯಾಬ್ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಸುತ್ತು ಹಾಕಿ ನೋಡಿ. ಆಸ್ಪತ್ರೆ, ಪಕ್ಕದಲ್ಲಿ ಔಷಧದ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಒಂದು ಲ್ಯಾಬ್. ಒಂದೇ ಚೀಟಿ ಹಿಡಿದು ಮೂರು ಕಡೆ ಕೇಳಿದರೆ ಮೂರು ರೇಟ್. ನಾನು ಇಂಥದ್ದೇ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುತ್ತೇನೆ, ಬಿಲ್ಲನ್ನೂ ನಾನೇ ಮಾಡುತ್ತೇನೆ. ನವಲಗುಂದ, ಕುಂದಗೋಳ, ಶಿಗ್ಗಾವಿ, ಲಕ್ಷ್ಮೇಶ್ವರದಿಂದ ಬಂದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೌಂಟರಿನಲ್ಲಿ ಹಿಂದೆ ಹತ್ತು ಜನ ನಿಂತಿರುತ್ತಾರೆ, ಪೂರ್ತಿ ಹೇಳಲು ಆಗುವುದಿಲ್ಲ.

"ಬರೀ ರಕ್ತ ತಗೊಳ್ಳಾಕ ಎಷ್ಟ್ರೀ?"

ಬಹಳ ಕಡೆ ಅದಕ್ಕೆ ಬೇರೆ ದುಡ್ಡು ಇಲ್ಲ. ಸೂಜಿ, ಟ್ಯೂಬು, ಹತ್ತಿ, ಸ್ಪಿರಿಟ್ಟು ಎಲ್ಲ ಸೇರಿದರೂ ಲ್ಯಾಬಿಗೆ ದೊಡ್ಡ ಖರ್ಚಲ್ಲ. ಅದು ಟೆಸ್ಟಿನ ರೇಟಿನಲ್ಲೇ ಸೇರಿರುತ್ತದೆ. ಕೆಲವು ಆಸ್ಪತ್ರೆಗಳ ಬಿಲ್ಲಿನಲ್ಲಿ ಮಾತ್ರ 'ಸ್ಯಾಂಪಲ್ ಕಲೆಕ್ಷನ್ ಚಾರ್ಜ್' ಎಂದು ಪ್ರತ್ಯೇಕ ಸಾಲು ಕಾಣುತ್ತದೆ. ಚಿಕ್ಕ ಮಕ್ಕಳಿಗೆ, ನರ ಸಿಗದ ವಯಸ್ಸಾದವರಿಗೆ ಬಟರ್‌ಫ್ಲೈ ಎಂಬ ತೆಳು ಸೂಜಿ ಹಾಕಿದರೆ ಅದರದ್ದೊಂದಿಷ್ಟು ಜಾಸ್ತಿ ಆಗಬಹುದು. ನೀವು ಕೊಡುವ ದುಡ್ಡು ಸೂಜಿ ಚುಚ್ಚಿದ್ದಕ್ಕಲ್ಲ, ಆಮೇಲೆ ಆ ಟ್ಯೂಬಿಗೆ ಏನು ಮಾಡುತ್ತಾರೋ ಅದಕ್ಕೆ.

ಸಾಮಾನ್ಯ ಟೆಸ್ಟುಗಳಿಗೆ ಹೊರಗಡೆ ಎಷ್ಟಾಗುತ್ತದೆ?

ಅಂದಾಜು ಹೇಳುತ್ತೇನೆ, ಇದನ್ನೇ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಖಾಸಗಿ ಲ್ಯಾಬಿನಲ್ಲಿ ಒಂದು ಸಲದ ಶುಗರ್ 50ರಿಂದ 100 ರೂಪಾಯಿ. ರಕ್ತಕಣಗಳನ್ನು ಎಣಿಸುವ ಸಿಬಿಸಿ 200ರಿಂದ 400. ಕಿಡ್ನಿ ನೋಡುವ ಕ್ರಿಯಾಟಿನಿನ್ 100ರಿಂದ 250. ಮೂರು ತಿಂಗಳ ಶುಗರ್ ಎಂದು ಎಲ್ಲರೂ ಕರೆಯುವ ಎಚ್‌ಬಿಎ1ಸಿ 350ರಿಂದ 600. ಥೈರಾಯ್ಡಿನ ಟಿಎಸ್‌ಎಚ್ ಒಂದೇ ಆದರೆ 200ರಿಂದ 400. ಕೊಲೆಸ್ಟ್ರಾಲಿನ ಪೂರ್ತಿ ಟೆಸ್ಟ್ 400ರಿಂದ 800. ವಿಟಮಿನ್ ಡಿ ಮಾತ್ರ ಸಾವಿರದ ಮೇಲೆಯೇ, ಆಫರ್ ಇದ್ದರೆ ಬೇರೆ ಮಾತು.

ಅದೇ ಟೆಸ್ಟ್ ಆಚೆ ರಸ್ತೆಯಲ್ಲಿ ಅರ್ಧ ರೇಟಿಗೆ ಮಾಡುತ್ತಾರೆ. ನಿಮ್ಮಲ್ಲಿ ಯಾಕೆ ಇಷ್ಟು ತುಟ್ಟಿ?

ಮೊದಲ ಕಾರಣ, ಔಷಧಿಗಿರುವ ಹಾಗೆ ಟೆಸ್ಟಿಗೆ ಎಂಆರ್‌ಪಿ ಇಲ್ಲ. ಬಹಳಷ್ಟು ಔಷಧಿಗಳ ಬೆಲೆಗೆ ಕೇಂದ್ರ ಸರ್ಕಾರ ಮಿತಿ ಹಾಕಿದೆ. ದಿನನಿತ್ಯದ ರಕ್ತ ಪರೀಕ್ಷೆಗೆ ಅಂಥ ಮಿತಿ ಇಲ್ಲ. ಲ್ಯಾಬಿನವರು ಬರೆದದ್ದೇ ರೇಟ್.

ಎರಡನೆಯದು ಸ್ಯಾಂಪಲ್ಲಿನ ಲೆಕ್ಕ. ಕುಂದಗೋಳಕ್ಕೆ ಹೋಗುವ ಟಂಟಂನಲ್ಲಿ ಇಬ್ಬರೇ ಕೂತರೂ ಎಂಟು ಜನ ಕೂತರೂ ಡೀಸೆಲ್ ಖರ್ಚು ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಮಷಿನ್ನಿನದ್ದೂ ಹಾಗೇ. ಬೆಳಿಗ್ಗೆ ಮೊದಲ ರೋಗಿಯ ಸ್ಯಾಂಪಲ್ ಹಾಕುವ ಮುಂಚೆ ಕಂಟ್ರೋಲ್ ಓಡಿಸಬೇಕು. ಕಂಟ್ರೋಲ್ ಅಂದರೆ ಉತ್ತರ ಮೊದಲೇ ಗೊತ್ತಿರುವ ದ್ರವ. ಮಷಿನ್ ಅದೇ ಉತ್ತರ ಕೊಟ್ಟರೆ ಮಾತ್ರ ರೋಗಿಗಳ ರಕ್ತ ಹಾಕಬೇಕು. ಇದಕ್ಕೆ ದಿನಕ್ಕೆ 600 ರೂಪಾಯಿ ಆಗುತ್ತದೆ ಎಂದು ಸುಮ್ನೆ ಇಟ್ಟುಕೊಳ್ಳಿ. ಆ ದಿನ ಆರೇ ಸ್ಯಾಂಪಲ್ ಬಂದರೆ ತಲೆಗೆ 100 ರೂಪಾಯಿ ಬಿತ್ತು. ಅರವತ್ತು ಬಂದರೆ 10 ರೂಪಾಯಿ. ಸಣ್ಣ ಲ್ಯಾಬಿನಲ್ಲಿ ತುಟ್ಟಿ, ದೊಡ್ಡದರಲ್ಲಿ ಸೋವಿ ಆಗಲು ಇದೇ ದೊಡ್ಡ ಕಾರಣ. ರೇಟ್ ಇಳಿಸಲು ಇನ್ನೊಂದು ಅಡ್ಡದಾರಿಯೂ ಇದೆ. ಕಂಟ್ರೋಲನ್ನೇ ಓಡಿಸದಿರುವುದು. ಅದು ನಿಮ್ಮ ರಿಪೋರ್ಟಿನಲ್ಲಿ ಕಾಣುವುದಿಲ್ಲ.

ಮೂರನೆಯದು ವಿಧಾನ. ಎಚ್‌ಬಿಎ1ಸಿಯನ್ನು ಎಚ್‌ಪಿಎಲ್‌ಸಿ ಎಂಬ ದೊಡ್ಡ ಮಷಿನ್ನಿನಲ್ಲೂ ಮಾಡಬಹುದು, ಸಣ್ಣ ಮೇಜಿನ ಮಷಿನ್ನಿನಲ್ಲೂ ಮಾಡಬಹುದು. ಹೆಸರು ಒಂದೇ, ಖರ್ಚು ಬೇರೆ. ಸಿಬಿಸಿಯಲ್ಲೂ ಬಿಳಿ ರಕ್ತಕಣಗಳನ್ನು ಮೂರು ಗುಂಪು ಮಾಡುವ ಮಷಿನ್ ಇದೆ, ಐದು ಗುಂಪು ಮಾಡುವುದೂ ಇದೆ. ಐದರದ್ದು ತುಟ್ಟಿ. ಬಹಳಷ್ಟು ರಿಪೋರ್ಟುಗಳಲ್ಲಿ ಟೆಸ್ಟಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ವಿಧಾನ ಬರೆದಿರುತ್ತಾರೆ. ಯಾರೂ ಓದುವುದಿಲ್ಲ. ಓದಿ.

ಇನ್ನೊಂದು ಒಳಗಿನ ವಿಷಯ. ಎಷ್ಟೋ ಲ್ಯಾಬುಗಳು ಮಷಿನ್ ಕೊಂಡಿರುವುದೇ ಇಲ್ಲ. ಕಂಪನಿಯವರು ಮಷಿನ್ ತಂದಿಡುತ್ತಾರೆ, ತಿಂಗಳಿಗೆ ಇಷ್ಟು ರೀಏಜೆಂಟ್ (ಟೆಸ್ಟಿಗೆ ಬೇಕಾದ ರಾಸಾಯನಿಕ) ಕೊಳ್ಳಲೇಬೇಕು ಎಂದು ಬರೆಸಿಕೊಳ್ಳುತ್ತಾರೆ. ಆ ಲೆಕ್ಕ ಮುಟ್ಟದಿದ್ದರೆ ಲ್ಯಾಬಿಗೆ ತಲೆನೋವು. ತಿಂಗಳ ಕೊನೆಗೆ ಬರುವ ಕೆಲವು ಆಫರುಗಳ ಹಿಂದಿನ ಕಥೆ ಇದೇ.

ನನ್ನ ರಕ್ತವನ್ನು ನೀವೇ ಪರೀಕ್ಷೆ ಮಾಡುತ್ತೀರಾ, ಬೇರೆ ಕಡೆ ಕಳಿಸುತ್ತೀರಾ?

ಈ ಪ್ರಶ್ನೆಯನ್ನು ಎಲ್ಲ ಕಡೆ ಕೇಳಿ. ಬೋರ್ಡಿನ ಮೇಲೆ ಲ್ಯಾಬ್ ಎಂದಿದ್ದರೂ ಎಷ್ಟೋ ಜಾಗಗಳು ಬರೀ ಕಲೆಕ್ಷನ್ ಸೆಂಟರ್. ಒಂದು ಫ್ರಿಜ್, ಒಂದು ಕುರ್ಚಿ, ಒಂದು ಕಂಪ್ಯೂಟರ್. ಟ್ಯೂಬುಗಳು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಹೊರಟು ಬೇರೆ ಊರಿನ ದೊಡ್ಡ ಲ್ಯಾಬಿಗೆ ಹೋಗುತ್ತವೆ. ಇದರಲ್ಲಿ ತಪ್ಪೇನಿಲ್ಲ. ಅಪರೂಪದ ಟೆಸ್ಟುಗಳಿಗೆ ಅದೇ ಸರಿ, ಅಲ್ಲಿ ದಿನಾ ಓಡುವ ಮಷಿನ್ ಇರುತ್ತದೆ. ಆದರೆ ಮಧ್ಯದ ಕೈ ಹೆಚ್ಚಿದಷ್ಟೂ ನಿಮ್ಮ ದುಡ್ಡಿನಲ್ಲಿ ಪಾಲು ಹೆಚ್ಚುತ್ತದೆ.

ಶುಗರ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಟ್ಯೂಬಿನೊಳಗಿನ ರಕ್ತಕಣಗಳು ಬದುಕಿಯೇ ಇರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸೀರಂ, ಅಂದರೆ ರಕ್ತದ ಮೇಲೆ ತಿಳಿಯಾಗಿ ನಿಲ್ಲುವ ನೀರು, ಅದನ್ನು ಕಣಗಳಿಂದ ಬೇರೆ ಮಾಡದೆ ಬಿಟ್ಟರೆ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಶುಗರ್ ಇಳಿಯುತ್ತದೆ. ಅದಕ್ಕೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಇರುವುದು. ಕಲಘಟಗಿಯಲ್ಲಿ ಬೆಳಿಗ್ಗೆ ಸಾದಾ ಟ್ಯೂಬಿನಲ್ಲಿ ತೆಗೆದ ರಕ್ತ ಮಧ್ಯಾಹ್ನ ಹುಬ್ಬಳ್ಳಿ ಮುಟ್ಟಿದರೆ ಜಾಸ್ತಿ ಇದ್ದ ಶುಗರೂ 'ನಾರ್ಮಲ್' ಎಂದು ಬರಬಹುದು. ಸೋವಿ ಸಿಕ್ಕಿತು ಎಂದು ಇದಕ್ಕೆ ಒಪ್ಪಬೇಡಿ.

ಸೋವಿ ಲ್ಯಾಬ್ ಅಂದರೆ ಕಳಪೆ ಅಂತಲೇ ಅರ್ಥವಾ?

ಅಲ್ಲ. ತುಟ್ಟಿ ಅಂದರೆ ಒಳ್ಳೆಯದು ಅಂತಲೂ ಅಲ್ಲ. ಎಸಿ ಹಾಲ್, ಸೋಫಾ, ಆ್ಯಪ್, ಪೇಪರಿನ ಜಾಹೀರಾತು ಎಲ್ಲಕ್ಕೂ ದುಡ್ಡು ಬೇಕು, ಅವು ನಿಮ್ಮ ಹಿಮೋಗ್ಲೋಬಿನ್ ಅಳೆಯುವುದಿಲ್ಲ.

ನೋಡಬೇಕಾದದ್ದು ಬೇರೆ. ಲ್ಯಾಬಿನ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದೆಯಾ? ಇದು ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು. ಮಾನ್ಯತೆ ಲ್ಯಾಬಿಗೆ ಸಿಗುವುದಷ್ಟೇ ಅಲ್ಲ, ಟೆಸ್ಟ್ ಲೆಕ್ಕದಲ್ಲಿ ಸಿಗುತ್ತದೆ. ಹಾಗಾಗಿ ಲೋಗೋ ಇದ್ದ ಮಾತ್ರಕ್ಕೆ ಎಲ್ಲ ಟೆಸ್ಟೂ ಅದರಲ್ಲಿ ಸೇರಿದೆ ಎಂದಲ್ಲ. ಇನ್ನೊಂದು, ಹೊರಗಿನ ಗುಣಮಟ್ಟ ಪರೀಕ್ಷೆ. ವೆಲ್ಲೂರಿನ ಸಿಎಂಸಿ ಇಂಥದ್ದೊಂದನ್ನು ನಡೆಸುತ್ತದೆ. ಅವರು ಕಳಿಸಿದ ಸ್ಯಾಂಪಲ್ಲಿಗೆ ನಮ್ಮ ಉತ್ತರ ಕಳಿಸಬೇಕು, ಬೇರೆ ಲ್ಯಾಬುಗಳ ಜೊತೆ ಹೋಲಿಸಿ ಅಂಕ ಕೊಡುತ್ತಾರೆ. ನಿಮ್ಮ ಲ್ಯಾಬ್ ಇಂಥದ್ದರಲ್ಲಿದೆಯಾ ಎಂದು ಕೇಳಿದರೆ ಒಳ್ಳೆಯ ಟೆಕ್ನಿಷಿಯನ್‌ಗೆ ಖುಷಿಯೇ ಆಗುತ್ತದೆ.

ಸಹಿಯನ್ನೂ ನೋಡಿ. ಪೆಥಾಲಜಿ ರಿಪೋರ್ಟಿಗೆ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅಂಥ ವೈದ್ಯರನ್ನು ಇಟ್ಟುಕೊಳ್ಳಲು ಸಂಬಳ ಕೊಡಬೇಕು. ರೇಟಿನಲ್ಲಿ ಅದೂ ಒಂದು ಪಾಲು.

ಡಾಕ್ಟರು "ಇಲ್ಲೇ ಮಾಡಿಸಿ" ಎಂದು ಒಂದು ಲ್ಯಾಬಿನ ಹೆಸರು ಹೇಳಿದ್ದಾರೆ. ಬೇರೆ ಕಡೆ ಹೋಗಬಹುದಾ?

ಹೋಗಬಹುದು. ಲ್ಯಾಬ್ ಆರಿಸುವುದು ನಿಮ್ಮ ಇಷ್ಟ. ಕೆಲವು ಡಾಕ್ಟರು ನಿಜವಾಗಿಯೂ ಆ ಲ್ಯಾಬಿನ ಮೇಲೆ ನಂಬಿಕೆ ಇಟ್ಟು ಹೇಳುತ್ತಾರೆ. ಹಳೆಯ ರಿಪೋರ್ಟಿನ ಜೊತೆ ಹೋಲಿಸಲು ಒಂದೇ ಲ್ಯಾಬ್ ಇದ್ದರೆ ಅನುಕೂಲವೂ ಹೌದು.

ಆದರೆ ಕಮಿಷನ್ ಎಂಬುದು ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. 2017ರಲ್ಲಿ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಸೆಂಟರುಗಳ ಮೇಲೆ ಆದಾಯ ತೆರಿಗೆ ಇಲಾಖೆ ದಾಳಿ ಮಾಡಿದಾಗ, ರೋಗಿಗಳನ್ನು ಕಳಿಸಿದ ವೈದ್ಯರಿಗೆ ಲ್ಯಾಬ್ ಟೆಸ್ಟಿನಲ್ಲಿ ಶೇ 20ರಷ್ಟು ಪಾಲು ಹೋಗುತ್ತಿದ್ದುದಾಗಿ ಇಲಾಖೆಯೇ ಹೇಳಿತ್ತು. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಹೀಗೆ ತೆಗೆದುಕೊಳ್ಳುವುದು ತಪ್ಪು. ಕೌಂಟರಿನಲ್ಲಿ ಬಿಲ್ ಮಾಡುವಾಗ "ಯಾವ ಡಾಕ್ಟರ್ ಕಳಿಸಿದ್ದು?" ಎಂದು ಕೇಳುತ್ತೇವಲ್ಲ, ರಿಪೋರ್ಟಿನ ಮೇಲೆ ಹೆಸರು ಬರಬೇಕು ಎಂಬುದು ಒಂದು ಕಾರಣ. ಎಲ್ಲ ಕಡೆ ಅದೊಂದೇ ಕಾರಣವಲ್ಲ. "ಚೀಟಿ ಇಲ್ಲ, ನಾನೇ ಬಂದಿದ್ದೇನೆ, ಎಷ್ಟು ಕಡಿಮೆ ಮಾಡುತ್ತೀರಿ?" ಎಂದು ಕೇಳಿ ನೋಡಿ. ಕೆಲವು ಕಡೆ ರೇಟ್ ತಟ್ಟನೆ ಇಳಿಯುತ್ತದೆ. ಯಾರ ಪಾಲು ಇಳಿಯಿತು ಎಂಬುದು ನಿಮಗೇ ತಿಳಿಯುತ್ತದೆ.

999 ರೂಪಾಯಿಗೆ 80 ಟೆಸ್ಟ್ ಅಂತೆ! ಮಾಡಿಸಲಾ?

80 ಎಂದು ಎಣಿಸಿದ್ದು ಹೇಗೆ ಎಂದು ಮೊದಲು ನೋಡೋಣ. ಸಿಬಿಸಿ ಒಂದೇ ಟೆಸ್ಟ್, ಒಂದೇ ಟ್ಯೂಬು, ಮಷಿನ್ನಿಗೆ ಒಂದು ನಿಮಿಷದ ಕೆಲಸ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲು ಬರುತ್ತವೆ. ಪ್ಯಾಕೇಜಿನವರು ಪ್ರತಿ ಸಾಲನ್ನೂ ಒಂದು ಟೆಸ್ಟ್ ಎಂದು ಎಣಿಸುತ್ತಾರೆ. ಮೂತ್ರದ ಬಣ್ಣವೂ ಒಂದು ಟೆಸ್ಟ್!

ಎಷ್ಟೋ ಸಾಲುಗಳನ್ನು ಅಳೆಯುವುದೇ ಇಲ್ಲ, ಲೆಕ್ಕ ಹಾಕುವುದು ಅಷ್ಟೇ. ಕೊಲೆಸ್ಟ್ರಾಲ್ ರಿಪೋರ್ಟ್ ತೆಗೆದುಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್ 200, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 45, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 150 ಬಂತು ಎಂದುಕೊಳ್ಳೋಣ. ಮಷಿನ್ ಅಳೆದದ್ದು ಈ ಮೂರನ್ನೇ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 30, ಅದು ವಿಎಲ್‌ಡಿಎಲ್. 200ರಿಂದ 45, 30 ಎರಡನ್ನೂ ಕಳೆದರೆ 125, ಅದು ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್. ಆಮೇಲೆ ಇದನ್ನು ಅದರಿಂದ ಭಾಗಿಸಿ ಎರಡು ಅನುಪಾತ. ಮೂರು ಅಳತೆಗೆ ಏಳು 'ಟೆಸ್ಟ್' ಆಯಿತು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಿಲ್ಲುವುದಿಲ್ಲ, ಆಗ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯಬೇಕು. ಲಿವರ್ ಟೆಸ್ಟಿನಲ್ಲೂ ಇದೇ ಆಟ. ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಗ್ಲಾಬ್ಯುಲಿನ್. ಒಟ್ಟು ಬಿಲಿರುಬಿನ್‌ನಲ್ಲಿ ಡೈರೆಕ್ಟ್ ಕಳೆದರೆ ಇನ್‌ಡೈರೆಕ್ಟ್.

ಅಂದರೆ 80ರ ಪ್ಯಾಕೇಜಿನಲ್ಲಿ ನಿಜವಾಗಿ ಇರುವುದು ಏಳೆಂಟು ಟೆಸ್ಟ್. ಅವೆಲ್ಲ ನಿಮಗೆ ಬೇಕಿದ್ದರೆ ಪ್ಯಾಕೇಜ್ ಸೋವಿಯೇ, ಮಾಡಿಸಿ. ಡಾಕ್ಟರು ಬರೆದದ್ದು ಶುಗರ್ ಮತ್ತು ಕ್ರಿಯಾಟಿನಿನ್ ಎರಡೇ ಆದರೆ 999 ಕೊಡುವುದು ದಂಡ. ಎಂಬತ್ತು ಸಾಲಿದ್ದರೆ ಒಂದೆರಡಾದರೂ ದಪ್ಪ ಅಕ್ಷರದಲ್ಲಿ ಬರುವುದು ಸಹಜ. ಯಾಕೆಂದರೆ ನಾರ್ಮಲ್ ಮಿತಿಯನ್ನು ಹಾಕುವುದೇ ಆರೋಗ್ಯವಂತರಲ್ಲಿ ಶೇ 95ರಷ್ಟು ಜನ ಅದರೊಳಗೆ ಬರುವಂತೆ. ಆ ದಪ್ಪ ಅಕ್ಷರ ನೋಡಿ ಗಾಬರಿಯಾಗಿ, ಮತ್ತೆ ಡಾಕ್ಟರ ಫೀಸು, ಮತ್ತೆ ಟೆಸ್ಟ್. ಪ್ಯಾಕೇಜಿನ ನಿಜವಾದ ಖರ್ಚು ಅಲ್ಲಿಂದ ಶುರು.

ಕಿಮ್ಸ್‌ನಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಫ್ರೀ ಅಲ್ವಾ?

ಬೋರ್ಡಿನ ಮೇಲೆ ಈಗ ಕೆಎಂಸಿ-ಆರ್‌ಐ ಎಂದಿದೆ, ಊರಿನವರಿಗೆ ಇನ್ನೂ ಕಿಮ್ಸ್. ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಗದಗದ ಜಿಮ್ಸ್, ಹಾವೇರಿಯ ಹಿಮ್ಸ್ ಕೂಡ ಹಾಗೇ. ಇಂಥ ಕಡೆ ಕೆಲವು ಟೆಸ್ಟಿಗೆ ಸಣ್ಣ ಶುಲ್ಕ ಇರಬಹುದು, ಹೊರಗಿನ ರೇಟಿಗೆ ಹೋಲಿಸಿದರೆ ಬಹಳ ಕಡಿಮೆ. ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ, ಚೀಟಿ ಮಾಡಿಸುವಾಗಲೇ ತೋರಿಸಿ. ದುಡ್ಡು ಕಟ್ಟಿದ ಮೇಲೆ ತೋರಿಸಿದರೆ ಓಡಾಟ ಜಾಸ್ತಿ.

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಜನ ಮರೆತೇಬಿಡುತ್ತಾರೆ. ಕೇಂದ್ರ ಸರ್ಕಾರದ ಉಚಿತ ತಪಾಸಣೆ ಯೋಜನೆಯ 2019ರ ಪಟ್ಟಿಯಂತೆ ಪಿಎಚ್‌ಸಿಯಲ್ಲಿ 63, ಸಮುದಾಯ ಆರೋಗ್ಯ ಕೇಂದ್ರದಲ್ಲಿ 97, ಜಿಲ್ಲಾಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆ ಸಿಗಬೇಕು. ಪಟ್ಟಿಯಲ್ಲಿ ಇದ್ದದ್ದೆಲ್ಲ ಆ ದಿನ ಸಿಗುತ್ತದೆ ಎಂದಲ್ಲ. ರೀಏಜೆಂಟ್ ಖಾಲಿ, ಟೆಕ್ನಿಷಿಯನ್ ರಜೆ, ಇವು ಇದ್ದದ್ದೇ. ಆದರೂ ಬಸ್ಸು ಹತ್ತುವ ಮುಂಚೆ ಒಂದು ಮಾತು ಕೇಳಿದರೆ ಕಳೆದುಕೊಳ್ಳುವುದೇನು? ಹುಬ್ಬಳ್ಳಿ ಪೇಟೆಯಲ್ಲಿ ಇರುವವರಿಗೆ ರಾಜ್ಯ ಸರ್ಕಾರದ 'ನಮ್ಮ ಕ್ಲಿನಿಕ್' ಎಂಬ ಸಣ್ಣ ಆಸ್ಪತ್ರೆಗಳಿವೆ. ಆ ಯೋಜನೆಯೇ 2022ರ ಡಿಸೆಂಬರ್‌ನಲ್ಲಿ ಬೈರಿದೇವರಕೊಪ್ಪದಲ್ಲಿ ಉದ್ಘಾಟನೆ ಆದದ್ದು. ಶುಗರ್, ಹಿಮೋಗ್ಲೋಬಿನ್‌ನಂಥ ಸಣ್ಣ ತಪಾಸಣೆಗೆ ಅಲ್ಲಿಗೇ ಹೋಗಿ.

ಆಯುಷ್ಮಾನ್ ಕಾರ್ಡ್ ಇದೆ. ಲ್ಯಾಬಿನಲ್ಲಿ ತೋರಿಸಿದರೆ ಕಡಿಮೆ ಆಗುತ್ತದಾ?

ಹೊರಗಿನ ಲ್ಯಾಬಿನಲ್ಲಿ ಆಗುವುದಿಲ್ಲ. ಅದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ದಾಖಲಾದರೆ ಅದಕ್ಕಿಂತ 3 ದಿನ ಮುಂಚಿನ ಮತ್ತು ಮನೆಗೆ ಬಂದ ಮೇಲೆ 15 ದಿನದ ಖರ್ಚು ಅದರಲ್ಲಿ ಸೇರುತ್ತದೆ. ಸುಮ್ನೆ ಶುಗರ್ ಚೆಕ್ ಮಾಡಿಸಲು ಬಂದರೆ ಕಾರ್ಡ್ ಕೆಲಸಕ್ಕೆ ಬರುವುದಿಲ್ಲ. ಬಹಳಷ್ಟು ಖಾಸಗಿ ವಿಮೆಗಳದ್ದೂ ಇದೇ ಕಥೆ.

ಮಗಳು ಬಸುರಿ. ಪ್ರತಿ ಸಲ ಟೆಸ್ಟ್ ಬರೆಯುತ್ತಾರೆ, ಎಲ್ಲಿಂದ ತರೋದು ದುಡ್ಡು?

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜನನಿ ಶಿಶು ಸುರಕ್ಷಾ ಯೋಜನೆಯಡಿ 2011ರಿಂದ ಗರ್ಭಿಣಿಯರಿಗೆ ಅಲ್ಲಿ ತಪಾಸಣೆ ಉಚಿತ. ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರಿಗೆಂದೇ ವಿಶೇಷ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ನಿಮ್ಮ ಊರಿನ ಆಶಾ ಅಕ್ಕನಿಗೆ ಇದೆಲ್ಲ ಬಾಯಿಪಾಠ.

ಡೆಂಗಿ ಟೆಸ್ಟಿಗೆ ಒಬ್ಬೊಬ್ಬರು ಒಂದೊಂದು ರೇಟ್ ಹೇಳುತ್ತಾರೆ.

ಹೇಳುವಂತಿಲ್ಲ. 2024ರ ಜುಲೈನಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಇದಕ್ಕೆ ಮಿತಿ ಹಾಕಿತು. ಲ್ಯಾಬಿನ ಎಲೈಸಾ ವಿಧಾನದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1ಗೆ 300, ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂಗೆ 300, ರ‍್ಯಾಪಿಡ್ ಕಾರ್ಡ್ ಟೆಸ್ಟಿಗೆ 250 ರೂಪಾಯಿ. ಸರ್ಕಾರ ಮನಸ್ಸು ಮಾಡಿದರೆ ಟೆಸ್ಟಿನ ರೇಟಿಗೂ ಮಿತಿ ಹಾಕಬಹುದು ಎಂಬುದಕ್ಕೆ ಇದೇ ಸಾಕ್ಷಿ. ಥೈರಾಯ್ಡಿಗೂ ಹಾಕಿದ್ದರೆ ಚೆನ್ನಾಗಿತ್ತು.

"ಬರೀ ಚಾ ಕುಡದೀನ್ರಿ, ನಡೀತದಲ್ಲಾ?"

ಖಾಲಿ ಹೊಟ್ಟೆಯ ಶುಗರಿಗೆ ನಡೆಯುವುದಿಲ್ಲ. ಅರ್ಧ ಕಪ್ ಚಹಾದಲ್ಲೂ ಹಾಲು, ಸಕ್ಕರೆ ಇರುತ್ತವೆ. ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಿರಿ, ಕುಡಿದಷ್ಟೂ ನರ ಬೇಗ ಸಿಗುತ್ತದೆ. ಅಣ್ಣಿಗೇರಿಯಿಂದ ಮೊದಲ ಬಸ್ಸಿಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿಂದು ಲ್ಯಾಬಿಗೆ ಬಂದರೆ ಟೆಸ್ಟಿನ ದುಡ್ಡಿನ ಜೊತೆ ಬಸ್ ಚಾರ್ಜೂ ಹೋಯಿತು. ಸಿಬಿಸಿ, ಎಚ್‌ಬಿಎ1ಸಿ, ಥೈರಾಯ್ಡ್, ಕ್ರಿಯಾಟಿನಿನ್ ಇವಕ್ಕೆಲ್ಲ ಖಾಲಿ ಹೊಟ್ಟೆ ಬೇಕಿಲ್ಲ. ಚೀಟಿ ತೋರಿಸಿ ಹಿಂದಿನ ದಿನವೇ ಕೇಳಿಬಿಡಿ.

ಒಂದೇ ಸಲ ನಾಲ್ಕು ಟ್ಯೂಬ್ ತೆಗೆದಿರಲ್ಲ, ನಾಲ್ಕಕ್ಕೂ ದುಡ್ಡಾ?

ಟ್ಯೂಬಿಗೆ ದುಡ್ಡಿಲ್ಲ. ನೇರಳೆ ಮುಚ್ಚಳದ್ದು ಸಿಬಿಸಿಗೆ, ಬೂದು ಶುಗರಿಗೆ, ಕೆಂಪು ಅಥವಾ ಹಳದಿ ಲಿವರ್, ಕಿಡ್ನಿ, ಥೈರಾಯ್ಡಿಗೆ, ತಿಳಿ ನೀಲಿ ರಕ್ತ ಹೆಪ್ಪುಗಟ್ಟುವುದನ್ನು ನೋಡಲು. ಒಳಗಿನ ಮದ್ದು ಬೇರೆ ಬೇರೆ, ಅದಕ್ಕೇ ಬೆರೆಸುವಂತಿಲ್ಲ. ನಾಲ್ಕೂ ಸೇರಿದರೂ ಹದಿನೈದು ಮಿಲಿ ಒಳಗೇ ಇರುತ್ತದೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇದೆ. ನಿತ್ರಾಣ ಆಯಿತು ಎನ್ನುವವರಿಗೆ ರಕ್ತ ಹೋದದ್ದಕ್ಕಿಂತ ಉಪವಾಸವೇ ಕಾರಣ.

ಎರಡು ಲ್ಯಾಬಿನಲ್ಲಿ ಎರಡು ರಿಸಲ್ಟ್ ಬಂತು. ಯಾರು ಮೋಸ ಮಾಡಿದ್ದು?

ಯಾರೂ ಮಾಡದಿರಬಹುದು. ಟಿಎಸ್‌ಎಚ್ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬರುತ್ತದೆ, ಮಷಿನ್ ಬದಲಾದರೂ ಬದಲಾಗುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರಲ್ಲಿ ಥೈರಾಯ್ಡ್ ರಿಸಲ್ಟ್ ಅಡ್ಡಾದಿಡ್ಡಿ ಆಗಬಹುದು, ಮೊದಲೇ ಹೇಳಿ. ಮನೆಯ ಗ್ಲೂಕೋಮೀಟರಿಗೆ ಶೇ 15ರಷ್ಟು ಹೆಚ್ಚುಕಡಿಮೆ ತೋರಿಸುವ ರಿಯಾಯಿತಿ ಅಂತರರಾಷ್ಟ್ರೀಯ ಮಾನದಂಡದಲ್ಲೇ ಇದೆ. ಲ್ಯಾಬಿನಲ್ಲಿ 200 ಇದ್ದದ್ದು ಅದರಲ್ಲಿ 220 ಬಂದರೆ ಮೀಟರ್ ಕೆಟ್ಟಿಲ್ಲ. ಮನೆಯ ಮೀಟರನ್ನು ದಿನದ ಏರಿಳಿತ ನೋಡಲು ಬಳಸಿ, ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಲ್ಯಾಬಿಗೇ ಬನ್ನಿ.

ರಕ್ತ ಸರಿ ಬಂದಿಲ್ಲ, ಮತ್ತೆ ಬನ್ನಿ ಅಂದರು. ಮತ್ತೆ ದುಡ್ಡು ಕೊಡಬೇಕಾ?

ಕೊಡಬೇಡಿ. ತೆಗೆಯುವಾಗ ರಕ್ತಕಣ ಒಡೆದರೆ ಸೀರಂ ಕೆಂಪಾಗುತ್ತದೆ, ಪೊಟ್ಯಾಶಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ವಾಪಸ್ ಕರೆದರೆ ಅದು ಒಳ್ಳೆಯ ಲ್ಯಾಬ್. ಎರಡನೇ ಸಲದ ಖರ್ಚು ಅವರದ್ದೇ.

ಮನೆಗೆ ಬಂದು ತೆಗೆದರೆ ಎಷ್ಟು ಜಾಸ್ತಿ?

ಸುಮಾರು 50ರಿಂದ 200, ದೂರ ನೋಡಿಕೊಂಡು. ಬಿಲ್ ದೊಡ್ಡದಾಗಿದ್ದರೆ ಬಿಟ್ಟುಬಿಡುತ್ತಾರೆ. ಮೊದಲೇ ಮಾತಾಡಿ.

ಆಸ್ಪತ್ರೆಯಲ್ಲಿ ಅಡ್ಮಿಟ್ ಆದಾಗ ಅದೇ ಸಿಬಿಸಿಗೆ ಜಾಸ್ತಿ ಹಾಕಿದ್ದಾರೆ.

ಬಹಳ ಖಾಸಗಿ ಆಸ್ಪತ್ರೆಗಳಲ್ಲಿ ಲ್ಯಾಬ್ ರೇಟೂ ರೂಮಿನ ಜೊತೆ ಏರುತ್ತದೆ. ಜನರಲ್ ವಾರ್ಡಿಗೆ ಒಂದು, ಸ್ಪೆಷಲ್ ರೂಮಿಗೆ ಒಂದು. ರಾತ್ರಿಯೆಲ್ಲ ಲ್ಯಾಬ್ ತೆರೆದಿಡುವ ಖರ್ಚು ಇದೆ ಎನ್ನುವುದು ನಿಜ, ಆದರೆ ರೂಮಿಗೆ ಎಸಿ ಇದ್ದರೆ ರಕ್ತ ಬೇರೆಯಾಗುತ್ತದಾ? ಅಡ್ಮಿಟ್ ಆಗುವಾಗ ರೂಮಿನ ಬಾಡಿಗೆ ಜೊತೆ ಇದನ್ನೂ ಕೇಳಿ.

ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಬಹುದಾ? ರೇಟ್ ಬಗ್ಗೆ ದೂರು ಎಲ್ಲಿ ಕೊಡೋದು?

ಲ್ಯಾಬ್ ಪರೀಕ್ಷೆಗೆ ಜಿಎಸ್‌ಟಿ ಇಲ್ಲ. ಹಾಕಿದ್ದರೆ ಕೇಳಿ. ಬಿಲ್ ಮಾತ್ರ ಬಿಡಬೇಡಿ. ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ಮುಂಜಾಗ್ರತೆಯ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿಗೆ ತೋರಿಸಬಹುದು, ನಗದು ಕೊಟ್ಟಿದ್ದರೂ ನಡೆಯುತ್ತದೆ.

ರಾಜ್ಯದಲ್ಲಿ ಖಾಸಗಿ ಲ್ಯಾಬುಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಆಗಿರಬೇಕು, ದರಪಟ್ಟಿ ಜನರಿಗೆ ಕಾಣುವಂತಿರಬೇಕು. ಕಾಣದಿದ್ದರೆ ಕೇಳಿ ತೋರಿಸಿಕೊಳ್ಳಿ. ಹೇಳಿದ್ದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬಿಲ್ ಲಗತ್ತಿಸಿ ಅರ್ಜಿ ಕೊಡಿ. ಇದನ್ನು ನೋಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಬರೀ "ರೇಟ್ ಜಾಸ್ತಿ" ಎಂದು ಬರೆದರೆ ಏನೂ ಆಗುವುದಿಲ್ಲ. ಹೇಳಿದ್ದೆಷ್ಟು, ತೆಗೆದುಕೊಂಡದ್ದೆಷ್ಟು ಎಂದು ಬರೆಯಿರಿ.

ಉಳಿದ ರಕ್ತ ಏನು ಮಾಡ್ತೀರಿ? ಮಾರ್ತೀರಂತೆ?

ಎರಡು ಮೂರು ಮಿಲಿ ರಕ್ತವನ್ನು ಯಾರು ಕೊಳ್ಳುತ್ತಾರೆ? ಕೆಲವು ದಿನ ಫ್ರಿಜ್ಜಿನಲ್ಲಿ ಇಟ್ಟಿರುತ್ತೇವೆ, ಆಮೇಲೆ ಸೋಂಕು ಕಳೆದು ವೈದ್ಯಕೀಯ ತ್ಯಾಜ್ಯದ ಗಾಡಿಗೆ ಕೊಡುತ್ತೇವೆ, ಅದಕ್ಕೂ ತಿಂಗಳ ಶುಲ್ಕ ಕಟ್ಟುತ್ತೇವೆ. ನಿಮಗೆ ಇದರಿಂದ ಒಂದು ಲಾಭ ಇದೆ. ರಿಪೋರ್ಟ್ ನೋಡಿ ಡಾಕ್ಟರು ಇನ್ನೊಂದು ಟೆಸ್ಟ್ ಬರೆದರೆ ಮತ್ತೆ ಚುಚ್ಚಿಸಿಕೊಳ್ಳಲು ಓಡಿ ಬರಬೇಡಿ. ಮೊದಲು ಲ್ಯಾಬಿಗೆ ಫೋನ್ ಮಾಡಿ. ಎಷ್ಟೋ ಟೆಸ್ಟುಗಳನ್ನು ನಿನ್ನೆಯ ಸೀರಂನಲ್ಲೇ ಮಾಡಬಹುದು, ಶುಗರಿನಂಥ ಕೆಲವನ್ನು ಬಿಟ್ಟು.